ಹಿಟ್ಟಿಗೂ ಥಂಡಿ ಆಗುತ್ತದೆ: ಹಳೆಯ ಫ್ರಿಜ್‌ನಲ್ಲಿ ಹುದುಗು ಪೆಟ್ಟಿಗೆ ಮಾಡಿಕೊಳ್ಳುವ ಕ್ರಮ



ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಆಳಂದ, ಅಫಜಲಪುರದ ಕಡೆಯ ಸದಸ್ಯರು, ಅದರಲ್ಲೂ ಮನೆಯಲ್ಲಿ ದೋಸೆ ಹಿಟ್ಟು, ಇಡ್ಲಿ, ಮೊಸರು ಮಾಡಿ ಮಾರುವ ತಾಯಂದಿರು, ಬಹಳ ದಿನದಿಂದ ಕೇಳುತ್ತಿದ್ದ ಮಾಹಿತಿಯನ್ನು ಈ ಸಲ ಒಂದೇ ಕಡೆ ಬರೆದಿಟ್ಟಿದ್ದೇವೆ. ಇದನ್ನು ಓದಿ ಮರೆಯುವ ಬದಲು ತೆಗೆದಿಟ್ಟುಕೊಳ್ಳಿರಿ. ಬೇಸಿಗೆಯಲ್ಲಿ ಒಂದು ಸಲ, ಚಳಿಗಾಲದಲ್ಲಿ ಒಂದು ಸಲ ಬೇಕಾಗುತ್ತದೆ.

ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸಂಕ್ರಾಂತಿಯ ಹೊತ್ತಿಗೆ, ಸಿದ್ಧೇಶ್ವರ ಜಾತ್ರೆಯ ಗದ್ದಲದ ದಿನಗಳಲ್ಲಿ, ನವಿ ಪೇಠದಲ್ಲಿ ನಮ್ಮ ಸಂಘದ ಬೆಳಗಿನ ಕಾರ್ಯಕ್ರಮವಿತ್ತು. ನೂರು ಜನರ ಇಡ್ಲಿಗೆ ಹಿಟ್ಟು ರುಬ್ಬಿಕೊಡಲು ಒಬ್ಬ ಅಕ್ಕನವರಿಗೆ ಹೇಳಿದ್ದೆವು. ಬೆಳಿಗ್ಗೆ ಡಬ್ಬಿ ತೆರೆದರೆ ಹಿಟ್ಟು ರಾತ್ರಿ ಇದ್ದಲ್ಲೇ ಇತ್ತು. ಇಡ್ಲಿ ಕಲ್ಲಿನಂತಾಯಿತು. ಜನ ಅವಲಕ್ಕಿ ತಿಂದು ಹೋದರು. ಕಾರ್ಯಕಾರಿ ಸಮಿತಿ ಸಭೆ ಸೇರಿ, ಉದ್ದು ಕಡಿಮೆ ಹಾಕಿದ್ದಾರೆಂದು ಅವರೇ ತಪ್ಪು ಮಾಡಿದಂತೆ ತೀರ್ಮಾನಿಸಿ, ಅರ್ಧ ಹಣ ಕಡಿತ ಮಾಡಿದೆವು. ಆ ಅಕ್ಕನವರು ಒಂದೇ ಮಾತು ಹೇಳಿದ್ದರು: "ಹಿಟ್ಟಿಗೂ ಥಂಡಿ ಆಗತೈತ್ರಿ ಕಾಕಾ." ನಾವು ಅದನ್ನು ನೆಪ ಎಂದುಕೊಂಡೆವು.

ಅದೇ ವರ್ಷ ಮೇ ತಿಂಗಳಲ್ಲಿ ಅವರದೇ ಕೈಯ ಹಿಟ್ಟು, ಅದೇ ಅಳತೆ, ಮತ್ತೊಂದು ಕಾರ್ಯಕ್ರಮ. ನಸುಕಿನ ಮೂರು ಗಂಟೆಗೆ ಹಿಟ್ಟು ಡಬ್ಬಿಯ ಮುಚ್ಚಳ ಎತ್ತಿ ನೆಲಕ್ಕೆ ಹರಿದಿತ್ತು. ಆರು ಗಂಟೆಗೆ ಬಾಯಿಗೆ ಹಾಕಲಾರದಷ್ಟು ಹುಳಿ. ಆಗ ನಮಗೆ ಅವರ ಮಾತು ತಿಳಿಯಿತು. ಕಡಿತ ಮಾಡಿದ ಹಣವನ್ನು ಮನೆಗೆ ಹೋಗಿ ಕೊಟ್ಟು ಬಂದೆವು. ಹಿಟ್ಟು ಗಡಿಯಾರ ನೋಡುವುದಿಲ್ಲ, ಶಾಖ ನೋಡುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅದನ್ನು ಪಾಲಿಸುವ ವಿಧಾನ.

1. ಡಬ್ಬಿಯೊಳಗೆ ನಡೆಯುವುದೇನು

ಅಕ್ಕಿ ಮತ್ತು ಉದ್ದಿನಬೇಳೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮೊದಲೇ ಇರುತ್ತವೆ. ನೆನೆಸಿ ರುಬ್ಬಿದ ಮೇಲೆ ಅವು ಹೆಚ್ಚಾಗುತ್ತವೆ. ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಎಂಬ ಗಾಳಿಯನ್ನೂ ಬಿಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ. ಹಿಟ್ಟು ಉಬ್ಬುವುದು ಇದರಿಂದ.

ಈ ಜೀವಿಗಳಿಗೆ ಸುಮಾರು 28ರಿಂದ 32 ಡಿಗ್ರಿ ಹಿತ. 20ರ ಕೆಳಗೆ ಅವು ಮುದುಡಿ ಕೂರುತ್ತವೆ. 35 ದಾಟಿದರೆ ಹುಳಿ ಮಾಡುವ ಬೇರೆ ಜೀವಿಗಳದ್ದೇ ಕೈ ಮೇಲಾಗುತ್ತದೆ. ಹಿಟ್ಟು ಉಬ್ಬುವುದಕ್ಕಿಂತ ಹುಳಿಯಾಗುವುದು ಮುಂದಾಗುತ್ತದೆ, ವಾಸನೆಯೂ ಬದಲಾಗುತ್ತದೆ.

ಈಗ ನಮ್ಮ ಊರಿನ ಹವೆ ನೋಡಿ. ಸೊಲ್ಲಾಪುರದಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಪತ್ರಾ ಹೊದಿಸಿದ ಮನೆಯಲ್ಲಿ ರಾತ್ರಿಯೂ ಅಡುಗೆಮನೆ ತಣಿಯುವುದಿಲ್ಲ. ಜನವರಿಯ ರಾತ್ರಿ 15ರ ಆಸುಪಾಸಿಗೆ ಇಳಿಯುತ್ತದೆ. ಕರಾವಳಿಯ ಕಡೆ ವರ್ಷವಿಡೀ ಹವೆ ಹೆಚ್ಚು ಬದಲಾಗದೆ ಇರುವುದರಿಂದ ಅಲ್ಲಿಯವರು "ರಾತ್ರಿ ರುಬ್ಬಿ, ಬೆಳಿಗ್ಗೆ ಹೊಯ್ಯಿರಿ" ಎಂದು ಬರೆದರೆ ನಡೆಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅದೇ ಮಾತು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ನಿಜ.

ಇಡ್ಲಿ ನಮಗೆ ಹೊಸದೇನಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ "ಇಡ್ಡಲಿಗೆ"ಯ ಹೆಸರಿದೆ. ನಮ್ಮ ನೆರೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲೂ ಅದರ ಪ್ರಸ್ತಾಪವಿದೆ. ಆದರೆ ಆ ಇಡ್ಡಲಿಗೆ ಉದ್ದಿನದು. ಅಕ್ಕಿ ಕೂಡಿಸಿ ಇಡೀ ರಾತ್ರಿ ಹುದುಗಿಸುವ ಪದ್ಧತಿ ಆ ಗ್ರಂಥಗಳಲ್ಲಿ ಕಾಣುವುದಿಲ್ಲ.

2. ಈ ಪೆಟ್ಟಿಗೆಯ ಉಪಾಯ ಎಲ್ಲಿಂದ ಬಂತು

ನಮ್ಮ ಸದಸ್ಯರೊಬ್ಬರು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರು. ಅಲ್ಲಿ ಹಿಮದ ಕಾಲ. ಅವರ ಮನೆಯವರು ರುಬ್ಬಿದ ಹಿಟ್ಟು ಎರಡು ದಿನವಾದರೂ ಏಳಲಿಲ್ಲ. ಮಗನ ಗ್ಯಾರೇಜಿನಲ್ಲಿ ಒಂದು ಹಳೆಯ ಫ್ರಿಜ್ ಇತ್ತು. ಅದರೊಳಗೆ ಅವನು ತನ್ನ ಗೆಳೆಯರೊಡನೆ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಬಿಯರ್ ಇಲ್ಲದ ವಾರ ತಾಯಿಯವರು ಹಿಟ್ಟಿನ ಡಬ್ಬಿಯನ್ನು ಅದರಲ್ಲಿಟ್ಟು 30 ಡಿಗ್ರಿಗೆ ಹಾಕಿಸಿದರು. ಬೆಳಿಗ್ಗೆ ಮಲ್ಲಿಗೆಯಂಥ ಇಡ್ಲಿ. ಊರಿಗೆ ಬಂದು ಸಭೆಯಲ್ಲಿ ಅವರು ಇದನ್ನು ಹೇಳಿದ ದಿನದಿಂದ ನಾವು ಇದರ ಬೆನ್ನು ಹತ್ತಿದೆವು.

ಬಿಯರ್ ಮಾಡುವವರಿಗೆ ಶಾಖದ ಹಿಡಿತ ಪ್ರಾಣ. ಒಂದು ಬಗೆಯ ಈಸ್ಟ್‌ಗೆ 18ರಿಂದ 22 ಡಿಗ್ರಿ ಬೇಕು, ಲಾಗರ್ ಎಂಬ ಬಗೆಗೆ 8ರಿಂದ 13 ಡಿಗ್ರಿಯಲ್ಲಿ ವಾರಗಟ್ಟಲೆ ಇರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ನಮ್ಮ ದೇಶದಲ್ಲಿ ಬಿಯರ್ ಕಾರ್ಖಾನೆ ಹಾಕಲು ಕಸೌಲಿಯಂಥ ತಂಪು ಗುಡ್ಡಗಳನ್ನು ಹುಡುಕಿಕೊಂಡು ಹೋದದ್ದು ಇದೇ ಕಾರಣಕ್ಕೆ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ 1870ರ ದಶಕದಲ್ಲಿ ತಂಪು ಮಾಡುವ ಯಂತ್ರಗಳನ್ನು ರೂಪಿಸಿದಾಗ ಮೊದಲ ಗಿರಾಕಿಗಳಾಗಿ ಬಂದವರು ಬಿಯರ್ ತಯಾರಕರೇ. ನಮ್ಮ ಮನೆಯ ಫ್ರಿಜ್‌ನ ಹಿರಿಯರು ಹುದುಗಿನ ಕೋಣೆಯಲ್ಲಿ ಹುಟ್ಟಿದವರು ಎಂದರೆ ತಪ್ಪಾಗದು.

ಒಂದು ಮಾತು ಸ್ಪಷ್ಟವಿರಲಿ. ಬ್ರಿಟನ್‌ನಲ್ಲಿ 1963ರಿಂದ, ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಮನೆಬಳಕೆಗೆ ಬಿಯರ್ ಮಾಡಲು ಅವಕಾಶವಿದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ 1949ರ ಮದ್ಯನಿಷೇಧ ಕಾಯ್ದೆ ಜಾರಿಯಲ್ಲಿದೆ. ಗಡಿಯ ಆಚೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಎರಡೂ ಕಡೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಬಳಕೆಗೆ ಎಂದರೂ ವಿನಾಯಿತಿ ಇಲ್ಲ. ಆದ್ದರಿಂದ ನಾವು ಪೆಟ್ಟಿಗೆಯನ್ನಷ್ಟೇ ತೆಗೆದುಕೊಂಡಿದ್ದೇವೆ. ಒಳಗೆ ಇಡುವುದು ನಮ್ಮ ಹಿಟ್ಟು, ಮೊಸರು, ಅಂಬಲಿ.

3. ಯಾವುದಕ್ಕೆ ಎಷ್ಟು ಶಾಖ, ಎಷ್ಟು ಹೊತ್ತು

ಇಡ್ಲಿ, ದೋಸೆ ಹಿಟ್ಟು: 30 ಡಿಗ್ರಿ. 8ರಿಂದ 12 ಗಂಟೆ.

ಜೋಳದ ಹಿಟ್ಟಿನ ಹುಳಿ ಅಂಬಲಿ: 28ರಿಂದ 30 ಡಿಗ್ರಿ. ಒಂದು ರಾತ್ರಿ. ಬೆಳಿಗ್ಗೆ ಕುದಿಸಿ ಮಾಡಬೇಕು.

ಮೊಸರು: 38ರಿಂದ 40 ಡಿಗ್ರಿ. 5ರಿಂದ 7 ಗಂಟೆ. ಹಾಲನ್ನು ಕಾಯಿಸಿ, ಬೆರಳು ಸುಡದಷ್ಟು ಆರಿದ ಮೇಲೆ ಹೆಪ್ಪು ಹಾಕಬೇಕು. ಹೆಪ್ಪುಗಟ್ಟಿದ ಕೂಡಲೇ ತಂಪಿಗೆ ಸಾಗಿಸಬೇಕು. ಪೆಟ್ಟಿಗೆಯಲ್ಲೇ ಬಿಟ್ಟರೆ ಹುಳಿ ಏರುತ್ತಲೇ ಹೋಗುತ್ತದೆ.

ಬ್ರೆಡ್, ಪಾವ್ ಹಿಟ್ಟು: 25ರಿಂದ 28 ಡಿಗ್ರಿ.

ಮೊಸರಿಗೂ ದೋಸೆ ಹಿಟ್ಟಿಗೂ ಬೇಕಾದ ಶಾಖ ಬೇರೆ. ಎರಡನ್ನೂ ಒಂದೇ ಸಲ ಇಡಬೇಡಿರಿ. ಹಗಲು ಮೊಸರು, ರಾತ್ರಿ ಹಿಟ್ಟು ಎಂದು ಪಾಳಿ ಮಾಡಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆ ಇಲ್ಲದವರೂ ಲೆಕ್ಕ ತಿಳಿದಿರಲಿ. ಅಡುಗೆಮನೆ 22 ಡಿಗ್ರಿ ಇದ್ದರೆ ದೋಸೆ ಹಿಟ್ಟಿಗೆ 18 ಗಂಟೆಯಾದರೂ ಬೇಕಾಗಬಹುದು. 26 ಇದ್ದರೆ 14ರ ಹತ್ತಿರ. 34 ಇದ್ದರೆ 6 ಗಂಟೆಗೇ ನೋಡಬೇಕು. ಇವು ನಮ್ಮ ಅನುಭವದ ಅಂದಾಜು. ಅಕ್ಕಿ, ಉದ್ದು, ಉಪ್ಪಿನ ಮೇಲೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಒಂದನ್ನು ಅಡುಗೆಮನೆಯಲ್ಲಿ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

4. ಬೇಕಾಗುವ ಸಾಮಾನು

(ಅ) ಒಂದು ಬಾಗಿಲಿನ ಹಳೆಯ ಫ್ರಿಜ್. ತಂಪು ಮಾಡುವಂತಿದ್ದರೆ ವರ್ಷಪೂರ್ತಿ ಉಪಯೋಗ. ಕಂಪ್ರೆಸರ್ ಕೆಟ್ಟಿದ್ದರೂ ಪರವಾಗಿಲ್ಲ, ಫ್ರಿಜ್ ಎಂದರೆ ಗಟ್ಟಿ ಗೋಡೆಯ, ಶಾಖ ಹಿಡಿಯುವ ಪೆಟ್ಟಿಗೆಯೇ. ಭಂಗಾರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬಾಗಿಲಿನ ರಬ್ಬರು ಹರಿದಿರಬಾರದು. ಒಂದು ಕಾಗದದ ಚೂರನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ರಬ್ಬರು ಸರಿ ಇದೆ.

(ಆ) ಎರಡು ದಾರಿಯ ತಾಪಮಾನ ನಿಯಂತ್ರಕ. ಎಸ್‌ಟಿಸಿ-1000 ಎಂಬ ಮಾದರಿ ಎಲ್ಲ ಕಡೆ ಸಿಗುತ್ತದೆ. ಅಂಗೈಯಷ್ಟು ಉದ್ದದ ಪೆಟ್ಟಿಗೆ, ಮುಂದೆ ಅಂಕಿ ಕಾಣುವ ಪರದೆ, ಹಿಂದೆ ತಂತಿ ಕಟ್ಟುವ ಎಂಟು ತಿರುಪು, ಜೊತೆಗೆ ಶಾಖ ಅಳೆಯುವ ತಂತಿಯ ಸೆನ್ಸರ್. ಶಾಖ ಇಳಿದರೆ ಬಲ್ಬ್ ಹಚ್ಚುತ್ತದೆ, ಏರಿದರೆ ಫ್ರಿಜ್ ಹಚ್ಚುತ್ತದೆ. ಕೊಳ್ಳುವಾಗ 220 ವೋಲ್ಟ್ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ನೋಡಲು ಹೀಗೇ ಇರುವ 12 ವೋಲ್ಟ್, 110 ವೋಲ್ಟ್‌ನವೂ ಇವೆ.

(ಇ) 60 ವಾಟ್‌ನ ತಂತಿಯ ಬಲ್ಬ್ ಮತ್ತು ಪಿಂಗಾಣಿ ಹೋಲ್ಡರ್. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ, ಅದರಿಂದ ಬೇಕಾದಷ್ಟು ಶಾಖ ಬರುವುದಿಲ್ಲ. ಬಲ್ಬ್ ಮುಚ್ಚಲು ತೂತು ಮಾಡಿದ ಒಂದು ತಗಡಿನ ಡಬ್ಬಿ.

(ಈ) ಪ್ಲಾಸ್ಟಿಕ್ ಸ್ವಿಚ್ ಬಾಕ್ಸ್, ಮೂರು ಪಿನ್ನಿನ ಎರಡು ಸಾಕೆಟ್, ಅರ್ಥಿಂಗ್ ಇರುವ ಮೂರು ಎಳೆಯ ವಾಯರ್.

(ಉ) ಮುಚ್ಚಳವಿರುವ ಸ್ಟೀಲ್ ಡಬ್ಬಿಗಳು. ಹಿಟ್ಟು ಅರ್ಧಕ್ಕಿಂತ ಮೇಲೆ ತುಂಬಬಾರದು. ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿರಬಾರದು.

5. ಜೋಡಿಸುವ ಕ್ರಮ

ತಂತಿ ಕಟ್ಟುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿರಿ. ಅವರಿಗೆ ತೋರಿಸಲು ವಿವರ ಇಲ್ಲಿದೆ.

ಎಸ್‌ಟಿಸಿ-1000ರ ಹಿಂದೆ 1 ಮತ್ತು 2ನೇ ತಿರುಪು ಯಂತ್ರಕ್ಕೆ ಕರೆಂಟ್. 3 ಮತ್ತು 4 ಸೆನ್ಸರ್. 5 ಮತ್ತು 6 ಬಿಸಿಯ ಸ್ವಿಚ್. 7 ಮತ್ತು 8 ತಂಪಿನ ಸ್ವಿಚ್. ಬಿಸಿ ಮತ್ತು ತಂಪಿನ ಜಾಗದಲ್ಲಿ ತಾನಾಗಿ ಕರೆಂಟ್ ಬರುವುದಿಲ್ಲ. ಅವು ಬರೀ ಸ್ವಿಚ್ಚುಗಳು. ಆದ್ದರಿಂದ ಫೇಸ್ ತಂತಿಯನ್ನು 5 ಮತ್ತು 7ಕ್ಕೆ ಕೊಟ್ಟು, 6ರಿಂದ ಬಿಸಿಯ ಸಾಕೆಟ್ಟಿಗೂ 8ರಿಂದ ತಂಪಿನ ಸಾಕೆಟ್ಟಿಗೂ ತೆಗೆಯಬೇಕು. ನ್ಯೂಟ್ರಲ್ ಮತ್ತು ಅರ್ಥಿಂಗ್ ಎರಡೂ ಸಾಕೆಟ್ಟಿಗೆ ನೇರ ಹೋಗಬೇಕು. ಬೇರೆ ಕಂಪನಿಯ ಯಂತ್ರವಾದರೆ ಅದರ ಮೇಲೆ ಅಂಟಿಸಿದ ಚಿತ್ರವನ್ನೇ ನಂಬಿರಿ.

ಬಿಸಿಯ ಸಾಕೆಟ್ಟಿಗೆ ಬಲ್ಬ್, ತಂಪಿನ ಸಾಕೆಟ್ಟಿಗೆ ಫ್ರಿಜ್‌ನ ಪ್ಲಗ್. ಫ್ರಿಜ್‌ನ ಸ್ವಂತ ಗುಂಡಿಯನ್ನು ಅತಿ ಹೆಚ್ಚು ತಂಪಿಗೆ ತಿರುಗಿಸಿ ಬಿಟ್ಟುಬಿಡಿರಿ. ಇನ್ನು ಮುಂದೆ ಯಾವಾಗ ಓಡಬೇಕೆಂದು ಹೇಳುವುದು ಹೊರಗಿನ ಯಂತ್ರ. ಫ್ರಿಜ್ ಒಳಗೆ ಏನನ್ನೂ ಕತ್ತರಿಸುವ ಅಗತ್ಯವಿಲ್ಲ.

ಫ್ರಿಜ್‌ನ ಗೋಡೆಗೆ ಡ್ರಿಲ್ ಹಾಕಲೇಬೇಡಿರಿ. ಗೋಡೆಯೊಳಗೆ ಗ್ಯಾಸಿನ ಕೊಳವೆ ಹಾದುಹೋಗಿರಬಹುದು. ಈಗಿನ ಬಹಳ ಫ್ರಿಜ್‌ಗಳಲ್ಲಿ ಇರುವ ಆರ್-600ಎ ಎಂಬ ಗ್ಯಾಸ್ ಬೆಂಕಿ ಹತ್ತುವಂಥದ್ದು. ಬಲ್ಬಿನ ವಾಯರನ್ನೂ ಸೆನ್ಸರ್ ತಂತಿಯನ್ನೂ ಬಾಗಿಲಿನ ರಬ್ಬರಿನ ಕೆಳಮೂಲೆಯಿಂದ ಒಳಗೆ ತೆಗೆದುಕೊಂಡರೆ ಸಾಕು. ಹಳೆಯ ಫ್ರಿಜ್ ಕೊಳ್ಳುವಾಗ ಗ್ಯಾಸ್ ಸೋರಿಕೆಯ ಅನುಮಾನವಿದ್ದರೆ ಮೆಕ್ಯಾನಿಕ್‌ಗೆ ತೋರಿಸದೆ ಒಳಗೆ ಬಲ್ಬ್ ಹಾಕಬೇಡಿರಿ.

ಬಲ್ಬನ್ನು ಕೆಳಗಿನ ಅಂತಸ್ತಿನಲ್ಲಿ, ಪ್ಲಾಸ್ಟಿಕ್ ಗೋಡೆಯಿಂದ ಒಂದು ಗೇಣು ದೂರದಲ್ಲಿ, ತಗಡಿನ ಡಬ್ಬಿಯೊಳಗೆ ಅಲುಗಾಡದಂತೆ ಕೂರಿಸಿರಿ. ಹಿಟ್ಟಿನ ಡಬ್ಬಿ ಅದರ ನೇರ ಮೇಲೆ ಇರಬಾರದು. ಉಕ್ಕಿದರೆ ಬಿಸಿ ಬಲ್ಬಿನ ಮೇಲೆ ಬೀಳುತ್ತದೆ. ಡಬ್ಬಿಯ ಕೆಳಗೆ ಒಂದು ಅಗಲ ತಟ್ಟೆ ಇಟ್ಟರೆ ಆ ಚಿಂತೆಯೂ ಇಲ್ಲ.

ಸೆನ್ಸರ್ ಎಲ್ಲಿಡಬೇಕು ಎಂಬಲ್ಲಿ ಬಹಳ ಜನ ತಪ್ಪುತ್ತಾರೆ. ಗಾಳಿಯಲ್ಲಿ ತೂಗಬಿಟ್ಟರೆ ಅದು ಗಾಳಿಯ ಶಾಖ ಹೇಳುತ್ತದೆ, ಹಿಟ್ಟಿನದ್ದಲ್ಲ. ಬಾಗಿಲು ತೆರೆದಾಗಲೆಲ್ಲ ಬಲ್ಬ್ ಮತ್ತು ಫ್ರಿಜ್ ಒಂದರ ಹಿಂದೆ ಒಂದು ಹತ್ತಿ ಆರುತ್ತವೆ. ಹಿಟ್ಟಿನೊಳಗೆ ಮುಳುಗಿಸುವುದು ಸ್ವಚ್ಛವಲ್ಲ. ಡಬ್ಬಿಯ ಹೊರಮೈಗೆ, ಹಿಟ್ಟು ಇರುವ ಎತ್ತರದಲ್ಲಿ ಟೇಪಿನಿಂದ ಅಂಟಿಸಿ, ಅದರ ಮೇಲೆ ಒಂದು ಸ್ಪಂಜಿನ ತುಂಡು ಕಟ್ಟಿರಿ. ಬಿಯರ್ ಮಾಡುವವರು ಅನುಸರಿಸುವ ಪದ್ಧತಿಯೂ ಇದೇ.

6. ಯಂತ್ರದಲ್ಲಿ ಹಾಕಬೇಕಾದ ಅಂಕಿಗಳು

"ಎಸ್" ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ನಾಲ್ಕು ಸಾಲು ಸಿಗುತ್ತವೆ.

ಎಫ್1, ಬೇಕಾದ ಶಾಖ: ಹಿಟ್ಟಿಗೆ 30.0.

ಎಫ್2, ಬಿಡುವ ಅಂತರ: 1.0. ಅಂದರೆ 29ಕ್ಕೆ ಇಳಿದರೆ ಬಲ್ಬ್ ಹತ್ತುತ್ತದೆ, 31ಕ್ಕೆ ಏರಿದರೆ ಫ್ರಿಜ್ ಹತ್ತುತ್ತದೆ. ಇದನ್ನು ತೀರ ಕಡಿಮೆ ಮಾಡಿದರೆ ಬಿಸಿಯೂ ತಂಪೂ ಜಗಳಕ್ಕೆ ಬಿದ್ದಂತಾಗಿ ಕರೆಂಟ್ ಬಿಲ್ ಏರುತ್ತದೆ.

ಎಫ್3, ಕಂಪ್ರೆಸರ್ ಕಾಯುವ ನಿಮಿಷ: 5 ಅಥವಾ ಹೆಚ್ಚು. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಓಡಿಸಿದರೆ ಒಳಗಿನ ಒತ್ತಡ ಸಮವಾಗಿರುವುದಿಲ್ಲ, ಮೋಟಾರು ಸುಡಬಹುದು. ಇದನ್ನು ಮರೆಯಬೇಡಿರಿ.

ಎಫ್4, ತಿದ್ದುಪಡಿ: ಒಂದು ಲೋಟದಲ್ಲಿ ಪುಡಿ ಮಾಡಿದ ಮಂಜುಗಡ್ಡೆ ತುಂಬಿ ಸ್ವಲ್ಪ ನೀರು ಹಾಕಿ ಕಲಕಿರಿ. ಸೆನ್ಸರನ್ನು ಐದು ನಿಮಿಷ ಅದರಲ್ಲಿಡಿರಿ. 0 ತೋರಿಸಬೇಕು. 1.2 ತೋರಿಸಿದರೆ ಎಫ್4ರಲ್ಲಿ ಅಷ್ಟನ್ನು ಕಳೆಯಿರಿ.

ಕೊನೆಗೆ ಪವರ್ ಗುಂಡಿ ಒತ್ತಿದರೆ ಅಂಕಿಗಳು ಉಳಿಯುತ್ತವೆ.

ಮೊದಲ ದಿನವೇ ಹಿಟ್ಟು ಇಡಬೇಡಿರಿ. ಡಬ್ಬಿಯಲ್ಲಿ ನೀರು ತುಂಬಿ ಒಂದು ರಾತ್ರಿ ಓಡಿಸಿರಿ. ಎರಡು ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಿರಿ. 29ರಿಂದ 31ರ ನಡುವೆ ನಿಂತರೆ ಪೆಟ್ಟಿಗೆ ಸಿದ್ಧ. ಆಮೇಲೂ ಒಂದು ನೋಟ್‌ಬುಕ್ ಇಡಿರಿ: ದಿನಾಂಕ, ರುಬ್ಬಿದ ಹೊತ್ತು, ಶಾಖ, ತೆಗೆದ ಹೊತ್ತು, ಹಿಟ್ಟು ಹೇಗಿತ್ತು. ಆಫೀಸಿನಲ್ಲಿ ಜನ್ಮವೆಲ್ಲ ರಿಜಿಸ್ಟರ್ ಬರೆದವರ ಚಟ ಎಂದು ನಗಬೇಡಿರಿ. ಆ ಜನವರಿಯಲ್ಲಿ ಇಂಥ ಒಂದು ಪುಟ ಇದ್ದಿದ್ದರೆ ಸಮಿತಿಯ ಆ ತೀರ್ಮಾನ ಆಗುತ್ತಿರಲಿಲ್ಲ.

7. ಫ್ರಿಜ್ ಇಲ್ಲದವರಿಗೆ ಥರ್ಮಾಕೋಲ್ ಪೆಟ್ಟಿಗೆ

ಔಷಧಿ, ಮೀನು ಸಾಗಿಸಲು ಬರುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಸಾಕು. ಗೋಡೆ ಎರಡು ಇಂಚು ದಪ್ಪವಿದ್ದರೆ ಉತ್ತಮ. ಒಳಗೆ ಬಲ್ಬ್ ಹಾಕಬೇಡಿರಿ, ಥರ್ಮಾಕೋಲ್ ಕರಗಿ ಬೆಂಕಿ ಹತ್ತುತ್ತದೆ. ಬೇಸಿಗೆಯಲ್ಲಿ ಮಂಜುಗಡ್ಡೆಯ ಬಾಟಲಿ, ಚಳಿಯಲ್ಲಿ ಬಿಸಿನೀರಿನ ಬಾಟಲಿ ಇಟ್ಟರೆ ಕೆಲಸವಾಗುತ್ತದೆ.

ಎಷ್ಟು ಬಾಟಲಿ ಎಂಬುದಕ್ಕೆ ಲೆಕ್ಕವಿದೆ. ಒಂದು ಕಿಲೋ ಮಂಜುಗಡ್ಡೆ ಕರಗಲು ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಕರಗಿದ ನೀರು 30 ಡಿಗ್ರಿಗೆ ಬರುವವರೆಗೆ ಇನ್ನೂ 125ರಷ್ಟು. ಎರಡು ಇಂಚು ಗೋಡೆಯ, ಎಲ್ಲ ಮೈ ಸೇರಿ ಒಂದೂವರೆ ಚದರ ಮೀಟರ್ ಇರುವ ಪೆಟ್ಟಿಗೆಗೆ, ಹೊರಗೆ 40 ಒಳಗೆ 30 ಇದ್ದಾಗ, ಹತ್ತು ಗಂಟೆಯಲ್ಲಿ ನುಗ್ಗುವ ಶಾಖ ಸುಮಾರು 400 ಕಿಲೋಜೂಲ್. ಅಂದರೆ ಒಂದು ಲೀಟರಿನ ಒಂದು ಗಟ್ಟಿ ಬಾಟಲಿ ಅದಕ್ಕೆ ಸರಿಹೋಗುತ್ತದೆ. ಹತ್ತು ಕಿಲೋ ಹಿಟ್ಟು ರುಬ್ಬುವಾಗಲೇ 34ಕ್ಕೆ ಬಿಸಿಯಾಗಿದ್ದರೆ ಅದನ್ನು 30ಕ್ಕೆ ಇಳಿಸಲು ಇನ್ನರ್ಧ ಬಾಟಲಿ ಬೇಕು. ಒಟ್ಟು ಎರಡು ಬಾಟಲಿ ಎಂದು ಇಟ್ಟುಕೊಳ್ಳಿರಿ. ಒಂದನ್ನು ಮೊದಲೇ, ಇನ್ನೊಂದನ್ನು ಮಲಗುವ ಮುಂಚೆ ಹಾಕುವುದು ಲೇಸು. ಬಾಟಲಿ ಹಿಟ್ಟಿನ ಡಬ್ಬಿಗೆ ತಾಗದಂತೆ ನಡುವೆ ಟವೆಲ್ ಇಡಿರಿ.

ಮಂಜುಗಡ್ಡೆ ಮಾಡಲು ಪಕ್ಕದ ಮನೆಯ ಫ್ರಿಜ್ ಆದರೂ ಬೇಕಲ್ಲ ಎನ್ನುವವರು ಹೊಸ ಮಣ್ಣಿನ ಹರವಿಯಲ್ಲಿ ನೀರು ಹಾಕಿ ಅದರೊಳಗೆ ಹಿಟ್ಟಿನ ಡಬ್ಬಿ ಇಟ್ಟು, ಸುತ್ತ ಒದ್ದೆ ಗೋಣಿಚೀಲ ಸುತ್ತಿ ಗಾಳಿಗೆ ಇಡಿರಿ. ನಮ್ಮ ಬೇಸಿಗೆ ಒಣ ಹವೆಯದ್ದಾದ್ದರಿಂದ ನೀರು ಬೇಗ ಆರುತ್ತದೆ, ಆರುತ್ತ ತಂಪು ಕೊಡುತ್ತದೆ. ಅಜ್ಜಿಯರು ಹಾಲನ್ನೂ ಬೆಣ್ಣೆಯನ್ನೂ ಹೀಗೇ ಕಾಯುತ್ತಿದ್ದರು.

8. ಹಿಟ್ಟಿನ ಕಡೆಯಿಂದಲೂ ಸಹಾಯ

ಬೇಸಿಗೆಯಲ್ಲಿ ತಣ್ಣೀರಿನಲ್ಲಿ ನೆನೆಸಿ, ತಣ್ಣೀರು ಹಾಕಿ ರುಬ್ಬಿರಿ. ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ, ಕಲ್ಲಿನ ಗ್ರೈಂಡರ್‌ನಲ್ಲಿ ಕಡಿಮೆ. ಉಪ್ಪನ್ನು ರುಬ್ಬಿದಾಗಲೇ ಹಾಕಿದರೆ ಹುದುಗು ಸ್ವಲ್ಪ ನಿಧಾನವಾಗುತ್ತದೆ. ಚಳಿಯಲ್ಲಿ ಇದರ ತಿರುವು: ಉಗುರುಬೆಚ್ಚನೆಯ ನೀರು, ಉಪ್ಪು ಬೆಳಿಗ್ಗೆ, ಒಂದು ಚಮಚ ಮೆಂತ್ಯ, ಹಿಂದಿನ ದಿನದ ಹಿಟ್ಟು ಒಂದು ಸೌಟು.

ಹಿಟ್ಟು ಸುಮಾರು ಎರಡು ಪಟ್ಟು ಏರಿ, ಮೇಲೆ ಸಣ್ಣ ಗುಳ್ಳೆ ಕಂಡು, ಹಿತವಾದ ಹುಳಿ ವಾಸನೆ ಬಂದರೆ ಆಯಿತು. ಕೂಡಲೇ 4 ಡಿಗ್ರಿಯ ಫ್ರಿಜ್‌ಗೆ ಹೋಗಬೇಕು. ಪೆಟ್ಟಿಗೆ ಹುದುಗಿಸಲು ಮಾತ್ರ, ಕಾದಿಡಲು ಅಲ್ಲ.

9. ಕರೆಂಟ್ ಹೋದಾಗ

ಬಾಗಿಲು ತೆರೆಯಬೇಡಿರಿ. ಮುಚ್ಚಿದ ಪೆಟ್ಟಿಗೆಯಲ್ಲಿ ಹಿಟ್ಟಿನ ಶಾಖ ನಿಧಾನವಾಗಿ ಬದಲಾಗುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಮೊದಲೇ ಇಟ್ಟಿದ್ದರೆ ಇನ್ನೂ ನಿಧಾನ. ಹಳ್ಳಿಯ ಕಡೆ ವೋಲ್ಟೇಜ್ ಏರಿಳಿತ ಇರುವಲ್ಲಿ ಫ್ರಿಜ್‌ಗೆ ಸ್ಟೆಬಿಲೈಸರ್ ಬೇಕು. ಕರೆಂಟ್ ಮರಳಿ ಬಂದ ಮೇಲೆ ಯಂತ್ರದಲ್ಲಿ ಹಾಕಿದ ಅಂಕಿ ಹಾಗೇ ಇದೆಯೇ ಎಂದು ಒಮ್ಮೆ ನೋಡಿರಿ.

10. ಸುರಕ್ಷತೆ ಮತ್ತು ಸ್ವಚ್ಛತೆ

ಮಕ್ಕಳ ವಿಷಯ ಎಲ್ಲಕ್ಕಿಂತ ಮೊದಲು. ಹಳೆಯ ಫ್ರಿಜ್‌ನೊಳಗೆ ಅಡಗಿ ಆಡಲು ಹೋಗಿ ಉಸಿರುಗಟ್ಟಿ ಸತ್ತ ಮಕ್ಕಳ ಪ್ರಕರಣಗಳು ಲೋಕದ ಎಲ್ಲೆಡೆ ಆಗಿವೆ. ಒಳಗಿನಿಂದ ತೆರೆಯಲು ಬಾರದ ಕೊಂಡಿಯ ಬಾಗಿಲು ಇದ್ದರೆ ಕೊಂಡಿಯನ್ನು ತೆಗೆಸಿರಿ. ಬಳಸದೆ ಇರುವಾಗ ಬೀಗ ಹಾಕಿರಿ ಅಥವಾ ಬಾಗಿಲನ್ನೇ ಕಳಚಿಡಿರಿ.

ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಒದ್ದೆ ಕೈಯಲ್ಲಿ ಬಲ್ಬ್ ಮುಟ್ಟಬೇಡಿರಿ. ಪೆಟ್ಟಿಗೆ ಒರೆಸುವಾಗ ಎರಡೂ ಪ್ಲಗ್ ಕಿತ್ತಿಡಿರಿ.

ಡಬ್ಬಿಗಳನ್ನು ಪ್ರತಿ ಸಲ ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿರಿ. ಹಿಟ್ಟಿನ ಮೇಲೆ ಗುಲಾಬಿ, ಹಸಿರು, ಕಪ್ಪು ಬಣ್ಣದ ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸುವುದು ಬೇಡ. ಇಡೀ ಡಬ್ಬಿ ಚೆಲ್ಲಿರಿ. ಹೊಟ್ಟೆ ಸುಟ್ಟರೂ ಚೆಲ್ಲಲೇಬೇಕು.

ಹಿಟ್ಟು, ಮೊಸರು ಮಾರುವವರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಮನೆಯಿಂದ ಮಾಡುವ ಚಿಕ್ಕ ವ್ಯಾಪಾರಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅರ್ಜಿ ಆನ್‌ಲೈನ್‌ನಲ್ಲೇ ತುಂಬಬಹುದು. ಅರ್ಜಿಯ ಭಾಷೆ ತೊಡಕಾದರೆ ಆಧಾರ್ ಮತ್ತು ಫೋಟೊ ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿರಿ. ಫಾರ್ಮ್ ತುಂಬುವ ಕೆಲಸ ನಮಗೆ ಹೊಸದಲ್ಲ.

ಕೊನೆಯ ಮಾತು

ನಮ್ಮ ಗಡಿ ಊರುಗಳಲ್ಲಿ ದಿನಕ್ಕೆ ಐದು, ಹತ್ತು ಕಿಲೋ ಹಿಟ್ಟು ಮಾರಿ ಮಕ್ಕಳ ಶಾಲೆಯ ಫೀ ತುಂಬುವ ಮನೆಗಳಿವೆ. ಅಂಥ ಮನೆಯಲ್ಲಿ ಒಂದು ಡಬ್ಬಿ ಹಿಟ್ಟು ಕೆಟ್ಟರೆ ಆ ದಿನದ ದುಡಿಮೆ ಹೋಯಿತು, ಎರಡು ಸಲ ಕೆಟ್ಟರೆ ಗಿರಾಕಿಯೂ ಹೋದರು. ಕೈಯಲ್ಲಿ ಗುಣವಿಲ್ಲ ಎಂಬ ಮಾತು ಮೇಲಿಂದ. ಆ ಮಾತನ್ನು ನಾವೂ ಒಮ್ಮೆ ಆಡಿದವರು.

ಸಂಘದಲ್ಲಿ ಈಗ ಇಂಥ ಒಂದು ಪೆಟ್ಟಿಗೆ ಇದೆ. ಮೊದಲು ಹೇಳಿದ ಅಕ್ಕನವರೇ ಅದರ ಉಸ್ತುವಾರಿ ನೋಡುತ್ತಾರೆ. ನೋಟ್‌ಬುಕ್ಕನ್ನೂ ಅವರೇ ಬರೆಯುತ್ತಾರೆ, ನಮಗಿಂತ ಚೊಕ್ಕವಾಗಿ. ಹೋದ ಸಂಕ್ರಾಂತಿಯ ಇಡ್ಲಿ ಸಾಲದೆ ಬಂದವರು ಮತ್ತೆ ಕೇಳಿದರು. ಮಾಡಿಕೊಳ್ಳಬೇಕೆನ್ನುವವರು ಕಚೇರಿಯ ವೇಳೆಯಲ್ಲಿ ಬಂದು ಪೆಟ್ಟಿಗೆ ನೋಡಬಹುದು. ಬರುವಾಗ ನಿಮ್ಮ ಎಲೆಕ್ಟ್ರಿಷಿಯನ್‌ರನ್ನೂ ಕರೆದುಕೊಂಡು ಬಂದರೆ ಅವರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಸಿರಿಗನ್ನಡಂ ಗೆಲ್ಗೆ.

ಕಾರ್ಯದರ್ಶಿ
ಸಂಘದ ಪರವಾಗಿ, ನವಿ ಪೇಠ, ಸೊಲ್ಲಾಪುರ